ಸದ್ದಿನ ಚಕ್ಕುಬಂದಿ

ಮೊದಲ ಆಡಿಟ್‌ನಲ್ಲಿ ಸುಮಿತ್ರಕ್ಕನಿಗೆ ನೂರಕ್ಕೆ ಐವತ್ತೆಂಟು ಬಂತು. ಪಾಸಾಗಲು ಎಂಬತ್ತೈದು ಬೇಕು. ಅಂಕದ ಹಾಳೆಯ ಒಂಬತ್ತನೆಯ ಸಾಲಿನಲ್ಲಿ ‘ಫಿಲ್ಲರ್’ ಎಂಬುದರ ಎದುರು, ನಮ್ಮ ಕರೆಗಳನ್ನು ಕೇಳಿ ಅಂಕ ಹಾಕುವ ಚಂದ್ರಮೋಹನ ಇಪ್ಪತ್ಮೂರು ಎಂದು ಬರೆದಿದ್ದ. ಮಾತಿನ ನಡುವೆ ಆಂ, ಊಂ ಎಂದು ತಡವರಿಸುವವರನ್ನು ಹಿಡಿಯಲು ಇಟ್ಟ ಸಾಲು ಅದು. ಐದು ಸಲದವರೆಗೆ ಮಾಫಿ. ಆಮೇಲೆ ಒಂದೊಂದಕ್ಕೂ ಎರಡೆರಡು ಅಂಕ ಕಟ್. ಆರು ನಿಮಿಷದ ಒಂದು ಕರೆಯಲ್ಲಿ ಸುಮಿತ್ರಕ್ಕ ಇಪ್ಪತ್ಮೂರು ಸಲ ತಡವರಿಸಿದ್ದಾರೆ ಎಂದು ಅದರ ಅರ್ಥ. ಅವರು ಒಂದು ಸಲವೂ ತಡವರಿಸಿರಲಿಲ್ಲ. ಮಿಕ್ಸಿಯ ಹಾಗೆ ಸದ್ದು ಮಾಡಿದ್ದರು, ಅಷ್ಟೆ.

ಇದು ೨೦೦೮ರ ಮಾತು. ಗುಡಗಾಂವ್‌ನ ಉದ್ಯೋಗ ವಿಹಾರದಲ್ಲಿ ನಾಲ್ಕನೇ ಮಹಡಿಯ ಒಂದು ಕಾಲ್ ಸೆಂಟರ್. ಮಿಕ್ಸಿ, ವಾಷಿಂಗ್ ಮಷಿನ್ ಮಾರುವ ಒಂದು ಕಂಪನಿಗೆ ಬರುವ ದೂರುಗಳನ್ನೆಲ್ಲ ನಾವು ಕೇಳುತ್ತಿದ್ದೆವು. ತೆಲುಗಿನವರ ಸಾಲಿಗೂ ಬಂಗಾಳಿಯವರ ಸಾಲಿಗೂ ನಡುವೆ, ಏಸಿಯ ಗಾಳಿ ನೇರ ನೆತ್ತಿಗೆ ಬೀಳುವ ಜಾಗದಲ್ಲಿ ಕನ್ನಡದ ನಾಲ್ಕು ಕುರ್ಚಿ. ಗದಗಿನಲ್ಲೋ ಗುಬ್ಬಿಯಲ್ಲೋ ಯಾರದೋ ಮಿಕ್ಸಿ ಕೆಟ್ಟರೆ ಹರಿಯಾಣದಲ್ಲಿ ನಮ್ಮ ಫೋನು ಬಡಿದುಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಹದಿನಾಲ್ಕು ತರದ ದೋಷಗಳ ಪಟ್ಟಿ. ಮಾತು ಕೇಳಿ ಅದರಲ್ಲೊಂದನ್ನು ನಾವು ಒತ್ತಬೇಕು. ಆ ದೋಷಕ್ಕೆ ತಕ್ಕ ಸಾಮಾನು ಆ ಊರಿನ ಮೆಕ್ಯಾನಿಕ್ಕಿನ ಚೀಲಕ್ಕೆ ಹೋಗುತ್ತದೆ. ನಾವು ತಪ್ಪು ಒತ್ತಿದರೆ ಪಾಪ ಅವನು ಎರಡೆರಡು ಸಲ ಹೋಗಬೇಕು.

ಫೋನ್ ಮಾಡಿದವರು ಯಾರೂ ಬುಷ್ ಸವೆದಿದೆ, ಕಪ್ಲರ್ ಹೋಗಿದೆ ಎಂದು ಹೇಳುವುದಿಲ್ಲ. ‘ಒಂಥರಾ ಸದ್ದು ಬರ್ತಿದೆ’ ಅನ್ನುತ್ತಾರೆ. ಆ ‘ಒಂಥರಾ’ ಯಾವ ಥರ ಎಂದು ಹೊರಡಿಸುವುದೇ ಕೆಲಸ. ಅದರಲ್ಲಿ ಸುಮಿತ್ರಕ್ಕನನ್ನು ಮೀರಿಸುವವರು ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಹದಿನೇಳು ವರ್ಷ ದಿನಕ್ಕೆರಡು ಸಲ ಮಿಕ್ಸಿ ತಿರುಗಿಸಿದ ಕಿವಿ ಅದು. ಅವರ ಲೆಕ್ಕದಲ್ಲಿ ಗಿರ್ರ್ ಎಂದರೆ ಆರೋಗ್ಯ. ಗೊರ್ರ್ ಎಂದರೆ ಮಿಕ್ಸಿಯ ತಪ್ಪಲ್ಲ, ಜಾರ್ ತುಂಬ ತುರುಕಿದವರ ತಪ್ಪು. ಲಟಲಟ ಎಂದರೆ ಜಾರಿನ ತಳದ ಕಪ್ಲರಿನ ಹಲ್ಲು ಸವೆದಿದೆ. ಕಿರ್ರ್ ಎಂದು ಹಲ್ಲು ಜುಮ್ಮೆನ್ನಿಸಿದರೆ ಬ್ಲೇಡಿನ ಬುಡದ ಬುಷ್ ಸವೆದಿದೆ. ಚಟಚಟ ಎಂದರೆ ಒಳಗೆ ಕಾರ್ಬನ್ ಕಿಡಿ ಹಾರಿಸುತ್ತಿದೆ, ಮಾತು ನಿಲ್ಲಿಸಿ ಮೊದಲು ಪ್ಲಗ್ ಕೀಳಿ.

ಅವರು ಕೇಳುವ ರೀತಿಯೂ ಸರಳ. ಗದಗಿನ ಹೆಂಗಸೊಬ್ಬರು ಒಂಥರಾ ಸದ್ದು ಎಂದರೆ, ಇವರು ಎರಡು ಸದ್ದನ್ನು ಮುಂದಿಟ್ಟು ಆರಿಸಿಕೊಳ್ಳಲು ಬಿಡುತ್ತಿದ್ದರು.

“ಶುರುವಲ್ಲಿ ಗಿರ್ರ್ ಅಂತ ಬಂದು ಗೊರ್ರ್ ಅಂತ ಇಳಿಯುತ್ತಾ? ಇಲ್ಲಾ ಮೊದಲಿಂದಾನೇ ಗರಗರ ಅನ್ನುತ್ತಾ?”

“ಗರಗರ ಅಲ್ರೀ. ಲಟಲಟ, ಲಟಲಟ ಅಂತೈತ್ರಿ.”

ಮುಗಿಯಿತು. ಕಪ್ಲರ್. ಮೂರನೇ ದಿನ ಮೆಕ್ಯಾನಿಕ್ ಒಂದೇ ಸಲ ಹೋಗಿ ಕೆಲಸ ಮುಗಿಸಿ ಬರುತ್ತಿದ್ದ.

ನಾನು ಅವರ ಪಕ್ಕದ ಕುರ್ಚಿಯವನು. ಸದ್ದು ಮಾಡುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ಆದರೆ ನನ್ನದು ಚಪಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಶುರು ಮಾಡಿದವನು ಗುಡಗಾಂವ್‌ಗೆ ಬಂದ ಮೇಲೆ ವಾಷಿಂಗ್ ಮಷಿನ್ನಿಗೆ ಬಡ್ತಿ ಪಡೆದಿದ್ದೆ. ನೀರು ತುಂಬುವುದರಿಂದ ಬಟ್ಟೆ ಹಿಂಡುವವರೆಗೆ ಇಡೀ ಮಷಿನ್ನನ್ನು ಬಾಯಲ್ಲೇ ಓಡಿಸಬಲ್ಲೆ. ಬಂಗಾಳಿ ಸಾಲಿನವರು ಊಟದ ಹೊತ್ತಿಗೆ ಅದನ್ನು ಕೇಳಿ ಮಾಡಿಸುತ್ತಿದ್ದರು. ಕೆಲಸ ಖಾಯಂ ಆಗಿದ್ದರಿಂದ ನನ್ನ ಕರೆಗಳನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಸುಮಿತ್ರಕ್ಕನದು ಹಾಗಲ್ಲ. ಅವರು ಇನ್ನೂ ಮೂರು ತಿಂಗಳ ಪ್ರೊಬೇಷನ್‌ನಲ್ಲಿದ್ದರು. ತಿಂಗಳಿಗೊಂದರಂತೆ ಮೂರು ಆಡಿಟ್. ಒಂದರಲ್ಲಾದರೂ ಎಂಬತ್ತೈದು ಬರದಿದ್ದರೆ ಮನೆಗೆ. ಮದುವೆಯಾಗಿ ಹದಿನೇಳು ವರ್ಷದ ಮೇಲೆ ಸಿಕ್ಕ ಮೊದಲ ಕೆಲಸ. ಯಜಮಾನರು ಕೇಶವಮೂರ್ತಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ವರ್ಗವಾಗಿ ಬಂದು ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿ ಮನೆ. ಹೆಂಡತಿ ಕೆಲಸಕ್ಕೆ ಹೋಗುತ್ತೇನೆಂದಾಗ ಅವರು ಬೇಡ ಅನ್ನಲಿಲ್ಲ, ಮೂರು ತಿಂಗಳು ನೋಡೋಣ ಅಂದರು. ಅಡುಗೆಗೆ ಗೊತ್ತು ಮಾಡಿದ ಹೆಂಗಸಿಗೂ ಮೂರೇ ತಿಂಗಳು ಎಂದು ಹೇಳಿದ್ದರಂತೆ. ಅದು ಸುಮಿತ್ರಕ್ಕನಿಗೆ ಚುಚ್ಚಿತ್ತು. ಭಾನುವಾರ ತರಕಾರಿ ಗಾಡಿಗೆ ಹೋಗುವಾಗಲೂ ಅವರು ಕತ್ತಿನ ಐಡಿ ಕಾರ್ಡ್ ತೆಗೆಯುತ್ತಿರಲಿಲ್ಲ.

“ನಂಗೆ ಗೊತ್ತಿರೋದು ಇದೊಂದೇ ಕಣೋ ಚಿರಂತ್,” ಎಂದು ನನಗೆ ಒಮ್ಮೆ ಹೇಳಿದ್ದರು. “ಇದನ್ನೂ ಒಂದು ಕೆಲಸ ಅಂತ ಕರೆದು ಯಾರೋ ಕುರ್ಚಿ ಕೊಟ್ಟಿದಾರೆ. ಬಿಡೋಕೆ ಮನಸ್ಸಿಲ್ಲ.”

ಚಂದ್ರಮೋಹನನನ್ನು ದೂರಿ ಪ್ರಯೋಜನವಿರಲಿಲ್ಲ. ಅವನಿಗಿಂತ ಮುಂಚೆ ಕನ್ನಡದ ಕರೆಗಳನ್ನು ಆಡಿಟ್ ಮಾಡುತ್ತಿದ್ದವನಿಗೆ ಕನ್ನಡವೇ ಬರುತ್ತಿರಲಿಲ್ಲ. ದನಿ ಮೆದುವಾಗಿದ್ದರೆ ತೊಂಬತ್ತು ಕೊಟ್ಟು ಸುಮ್ಮನಾಗುತ್ತಿದ್ದ. ಕನ್ನಡ ಬರುವವರೇ ಬೇಕೆಂದು ಕಂಪನಿ ಹುಡುಕಿ ತಂದ ಮೇಲೆ ನಮಗೆ ಕಷ್ಟ ಶುರುವಾಯಿತು. ಚಂದ್ರಮೋಹನನ ತಂದೆತಾಯಿ ಹಾಸನದ ಕಡೆಯವರು, ಅವನು ಹುಟ್ಟಿ ಬೆಳೆದಿದ್ದು ದೆಹಲಿಯಲ್ಲಿ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟುಕೊಂಡು ದೊಡ್ಡವನಾದವನು. ಸಂಭಾವಿತ, ಅಳತೆಗೋಲಿನಂಥ ಮನುಷ್ಯ. ಸುಮಿತ್ರಕ್ಕನ ಹಾಳೆ ಹಿಡಿದು ನಾನು ಅವನ ಟೇಬಲ್ಲಿಗೆ ಹೋದಾಗ ಅವನು ರೆಕಾರ್ಡಿಂಗ್ ಹಾಕಿ ತೋರಿಸಿದ.

“ಇದು ವರ್ಡ್ ಅಲ್ವಲ್ಲ,” ಅಂದ. “ಗರ್ರ್, ಗಿರ್ರ್... ಇದಕ್ಕೆ ಮೀನಿಂಗ್ ಏನು? ಡಿಕ್ಷನರಿಯಲ್ಲಿ ಇದ್ರೆ ದಿಖಾವೋ, ನಾನು ಮಾರ್ಕ್ಸ್ ಕೊಡ್ತೀನಿ.”

ಕನ್ನಡದಲ್ಲಿ ಪದಕ್ಕೂ ಶಬ್ದ ಅಂತಾರೆ, ಸದ್ದಿಗೂ ಶಬ್ದ ಅಂತಾರೆ, ಹೀಗಾಗಿ ಶಬ್ದಕೋಶದಲ್ಲಿ ಎರಡಕ್ಕೂ ಜಾಗ ಇರಬೇಕು ಎಂದು ನಾನು ವಾದ ಹೂಡಿದೆ. ಅವನು ನಗಲಿಲ್ಲ. ಹಾಳೆಯನ್ನು ಮಾಡಿದ್ದು ಮೇಲಿನವರು, ತಾನು ಎಣಿಸುವವನು ಮಾತ್ರ ಎಂದ. ಅದೂ ನಿಜವೇ.

ಎರಡನೆಯ ಆಡಿಟ್‌ಗೆ ಮುನ್ನ ಸುಮಿತ್ರಕ್ಕ ಸದ್ದು ಮಾಡುವುದನ್ನೇ ಬಿಟ್ಟರು. ಯಾವ ರೀತಿಯ ಶಬ್ದ ಬರುತ್ತಿದೆ ಎಂದು ಕೇಳುವುದು, ಸುಮ್ಮನೆ ಕಾಯುವುದು. ಆ ಕಡೆಯವರು ಒಂಥರಾ ಎನ್ನುವುದು, ಇವರು ಇನ್ನೂ ಕಾಯುವುದು. ಅವರ ಕತ್ತಿನ ನರ ಉಬ್ಬುವುದು ನನಗೆ ಪಕ್ಕದಿಂದಲೇ ಕಾಣುತ್ತಿತ್ತು. ಫಿಲ್ಲರ್ ಸೊನ್ನೆ ಬಂತು. ಆದರೆ ಹಾಳೆಯಲ್ಲಿ ಮೌನಕ್ಕೂ ಒಂದು ಸಾಲಿತ್ತು: ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾರೂ ಮಾತಾಡದಿದ್ದರೆ ಒಂದೊಂದು ಸಲಕ್ಕೆ ನಾಲ್ಕು ಅಂಕ ಕಟ್. ಎಂಟು ಸಲ ಹಾಗಾಗಿತ್ತು. ಒಟ್ಟು ಅರವತ್ತಾರು. ಸದ್ದು ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು. ಅದರ ಮೇಲೆ, ದೋಷ ಗೊತ್ತಾಗದೆ ಒತ್ತಿದ್ದರಿಂದ ಆ ವಾರ ಮೂವರು ಮೆಕ್ಯಾನಿಕ್‌ಗಳು ಎರಡೆರಡು ಸಲ ಹೋಗಿ ಬಂದರು.

ಉಳಿದಿದ್ದು ಒಂದೇ ಆಡಿಟ್. ಅದಕ್ಕೆ ಚಂದ್ರಮೋಹನ ಪಕ್ಕದಲ್ಲೇ ಕೂತು, ಕರೆ ನಡೆಯುತ್ತಿರುವಾಗಲೇ ಕೇಳಿ ಅಂಕ ಹಾಕುತ್ತಾನೆ ಎಂದು ತಿಳಿಸಿದರು.

ನಾನು ಆ ಹಾಳೆಯನ್ನು ಮುನಿರ್ಕಾದ ನನ್ನ ರೂಮಿಗೆ ಒಯ್ದು ಪರೀಕ್ಷೆಗೆ ಓದುವ ಹಾಗೆ ಓದಿದೆ. ಹನ್ನೆರಡನೆಯ ಸಾಲಿನಲ್ಲಿ ದಾರಿ ಸಿಕ್ಕಿತು. ಗ್ರಾಹಕರು ಹೇಳಿದ್ದನ್ನು ಅವರದೇ ಮಾತಿನಲ್ಲಿ ತಿರುಗಿ ಹೇಳಿ ಖಚಿತಪಡಿಸಿಕೊಂಡರೆ ಹತ್ತು ಅಂಕ. ಅಂದರೆ ಗಿರ್ರ್ ಎಂದು ನಾವು ಮೊದಲು ಅಂದರೆ ಅಪರಾಧ, ಗ್ರಾಹಕರು ಅಂದ ಮೇಲೆ ಅಂದರೆ ಪುಣ್ಯ. ಮರುದಿನ ಚಂದ್ರಮೋಹನನನ್ನು ಕೇಳಿದೆ. ಅವನು ಎರಡೂ ಸಾಲು ಓದಿ, ಸ್ವಲ್ಪ ಹೊತ್ತು ಪೆನ್ನು ಕಚ್ಚಿದ.

“ಅಚ್ಛಾ. ಕಸ್ಟಮರ್ ಫಸ್ಟ್ ಅಂದ್ರೆ ಅದು ಅವರ ಮಾತು. ನೀವು ರಿಪೀಟ್ ಮಾಡಿ, ಎಷ್ಟು ಸಲ ಬೇಕಾದ್ರೂ. ಮ್ಯಾಮ್ ಫಸ್ಟ್ ಅಂದ್ರೆ ಫಿಲ್ಲರ್. ಒಂದಾದ್ರೂ ನಾನು ಬರೀತೀನಿ.”

ಇಷ್ಟಾದರೂ ಕೆಲಸ ಸುಲಭವಾಗಲಿಲ್ಲ. ನಮ್ಮ ಜನ ಮನೆಯಲ್ಲಿ ಎಂಥ ಸದ್ದನ್ನೂ ಮಾಡುತ್ತಾರೆ, ಆದರೆ ಅಪರಿಚಿತರ ಮುಂದೆ, ಅದೂ ಕಂಪನಿಯವರೊಡನೆ ಫೋನಿನಲ್ಲಿ, ಮಾಡುವುದಿಲ್ಲ. ಇವರು ಎರಡು ಸದ್ದು ಮುಂದಿಟ್ಟು ನಾಚಿಕೆ ಮುರಿದ ಮೇಲೇ ಅವರು ಬಾಯಿ ಬಿಡುತ್ತಿದ್ದುದು. ಈಗ ಆ ಮೊದಲ ಮೆಟ್ಟಿಲನ್ನೇ ಕಿತ್ತ ಹಾಗಾಯಿತು.

ಹಾಗಾಗಿ ಕ್ಯಾಬಿನಲ್ಲಿ ಅಭ್ಯಾಸ ಶುರು ಮಾಡಿದೆವು. ಕಂಪನಿಯ ಕ್ಯಾಬ್ ಆರ್.ಕೆ. ಪುರಂನಲ್ಲಿ ಅವರನ್ನು, ಮುನಿರ್ಕಾದಲ್ಲಿ ನನ್ನನ್ನು ಹತ್ತಿಸಿಕೊಂಡು ಹೆದ್ದಾರಿಯ ಹೊಸ ಟೋಲಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ನಾನು ಗ್ರಾಹಕ, ಅವರು ಕೇಳುವವರು. ಒಂದು ದಿನ ಹಲ್ಲಿನ ಡಾಕ್ಟರಾದೆ, ಒಂದು ದಿನ ಬ್ಯಾಂಕ್ ಮ್ಯಾನೇಜರು, ಒಂದು ದಿನ ಮಡಿಯಲ್ಲಿರುವ ಪುರೋಹಿತರು. ಯಾರಾದರೂ ಸರಿ, ಸದ್ದು ಮಾತ್ರ ಮಾಡುವುದಿಲ್ಲ. ಸುಮಿತ್ರಕ್ಕ ಎರಡು ನಿಮಿಷ ತಡೆದು, ಆಮೇಲೆ ತಾವೇ ಲಟಲಟ ಎಂದು ಬಿಡುತ್ತಿದ್ದರು. ನಾನು ಎರಡು ಅಂಕ ಎಂದು ಬೆರಳು ಮಡಚುತ್ತಿದ್ದೆ. ಡ್ರೈವರ್ ಭಯ್ಯಾ ಮೂರು ದಿನ ಕನ್ನಡಿಯಲ್ಲಿ ನೋಡಿದ, ನಾಲ್ಕನೇ ದಿನ ಗಾಡಿಯಿಂದ ಸದ್ದು ಬರುತ್ತಿದೆಯೇ ಎಂದು ಹಿಂದಿಯಲ್ಲಿ ಕೇಳಿ, ಇಳಿದು ಹೋಗಿ ಬಾನೆಟ್ ತೆಗೆದು ನೋಡಿಯೂ ಬಂದ. ಎರಡು ವಾರದಲ್ಲಿ ಸುಮಿತ್ರಕ್ಕ ಬ್ಯಾಂಕ್ ಮ್ಯಾನೇಜರನ್ನು ಮಣಿಸಿದರು. ಪುರೋಹಿತರು ಬಗ್ಗಲಿಲ್ಲ. ಬಗ್ಗಬಾರದೆಂದು ನಾನೇ ಹಟ ಹಿಡಿದಿದ್ದೆ ಎಂದು ಸುಮಿತ್ರಕ್ಕನಿಗೂ ಗೊತ್ತಿತ್ತು.

ಆಡಿಟ್ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಚಂದ್ರಮೋಹನ ಕುರ್ಚಿ ಎಳೆದುಕೊಂಡು, ಇನ್ನೊಂದು ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಾಳೆ ತೊಡೆಯ ಮೇಲಿಟ್ಟುಕೊಂಡು ಕೂತ. ಮೊದಲು ಬರುವ ಕರೆಯೇ ಪರೀಕ್ಷೆ, ಆರಿಸಿಕೊಳ್ಳುವಂತಿಲ್ಲ. ಆ ಕರೆಯ ರೆಕಾರ್ಡಿಂಗನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಹಾಗಾಗಿ ಆ ಕಡೆಯ ಮಾತೂ ಚೆನ್ನಾಗಿ ಗೊತ್ತು.

ಕರೆ ಬಂದಿದ್ದು ಮಾಲೂರಿನಿಂದ. ಮಾತಾಡಿದವರು ತಮ್ಮನ್ನು ತಾವೇ ಪರಿಚಯಿಸಿಕೊಂಡರು.

“ನಾನು ವೆಂಕಟಸುಬ್ಬಯ್ಯ. ನಿವೃತ್ತ ಸಬ್ ರಿಜಿಸ್ಟ್ರಾರ್. ನಮ್ಮ ಮನೆಯ ಮಿಕ್ಸಿಯ ಬಗ್ಗೆ ಒಂದು ದೂರಿದೆ. ಸದರಿ ಯಂತ್ರವು ಕಳೆದ ಭಾನುವಾರದಿಂದ ಅಸಹಜ ಶಬ್ದವನ್ನು ಹೊರಡಿಸುತ್ತಿದೆ. ದಯವಿಟ್ಟು ನೋಂದಾಯಿಸಿಕೊಳ್ಳಿ.”

ಸುಮಿತ್ರಕ್ಕ ನನ್ನ ಕಡೆ ಒಮ್ಮೆ ನೋಡಿದರು. ನಾನು ಕ್ಯಾಬಿನಲ್ಲಿ ಹಾಕಿದ ಯಾವ ವೇಷವೂ ಈ ಮನುಷ್ಯರ ಹತ್ತಿರಕ್ಕೆ ಬರುವಂತಿರಲಿಲ್ಲ.

ಎಂಥ ಶಬ್ದ ಸರ್ ಎಂದು ಇವರು ಕೇಳಿದರು. ಹೇಳಿದೆನಲ್ಲ, ಅಸಹಜ, ಎಂದು ಅವರು. ಸ್ವಲ್ಪ ವಿವರವಾಗಿ ಎಂದು ಇವರು. ವಿಪರೀತ ಅಸಹಜ ಎಂದು ಅವರು. ಮಿಕ್ಸಿ ತಿರುಗುತ್ತದೆಯೇ ಎಂದರೆ, ತಿರುಗುವ ಪ್ರಯತ್ನ ಕಂಡುಬರುತ್ತದೆ ಎಂದರು. ಮನೆಯಲ್ಲಿ ಅಮ್ಮ ಇದ್ದರೆ ಫೋನ್ ಕೊಡಿ ಸರ್ ಎಂದು ಕೇಳಿದ್ದಕ್ಕೆ, ಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಯಂತ್ರ ಸದ್ಯ ನನ್ನ ಸ್ವಾಧೀನದಲ್ಲಿದೆ ಎಂದರು.

“ಸರ್, ಅದು ಹೇಗೆ ಸದ್ದು ಮಾಡುತ್ತೋ ಹಾಗೇ ಒಂದ್ಸಲ ಮಾಡಿ ತೋರಿಸ್ತೀರಾ?”

“ಯಾರು, ನಾನೇ?”

“ಹೌದು ಸರ್.”

“ಅದು ಮಾಡುವ ಶಬ್ದವನ್ನು ನಾನು ಮಾಡುವುದು ಅಷ್ಟು ಸರಿಯಲ್ಲ, ತಾಯಿ.”

ಇಲ್ಲಿ ಮೌನ. ಚಂದ್ರಮೋಹನ ಗಡಿಯಾರ ನೋಡತೊಡಗಿದ. ಸುಮಿತ್ರಕ್ಕನ ತುಟಿ ಅದುರಿತು. ಬಾಯೊಳಗೆ ಮೂರು ನಾಲ್ಕು ಸದ್ದು ಸಾಲಾಗಿ ನಿಂತಿದ್ದು ನನಗೆ ಗೊತ್ತಾಗುತ್ತಿತ್ತು. ಅವರು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದರು. ಇಪ್ಪತ್ತೆರಡು ಸೆಕೆಂಡು ಆಯಿತು. ಚಂದ್ರಮೋಹನ ನಾಲ್ಕು ಅಂಕ ಕಳೆದ.

ಆಮೇಲೆ ಸುಮಿತ್ರಕ್ಕ ಬೇರೆಯೇ ದನಿಯಲ್ಲಿ, ಮನೆಗೆ ಬಂದ ಹಿರಿಯರನ್ನು ಮಾತಾಡಿಸುವ ಹಾಗೆ ಕೇಳಿದರು.

“ಸರ್, ನಿಮ್ಮ ಆಫೀಸಿಗೆ ಯಾರೋ ಒಂದು ಕ್ರಯಪತ್ರ ತಂದ್ರು ಅಂತಿಟ್ಕೊಳ್ಳಿ. ಅದರಲ್ಲಿ ‘ಒಂದು ಜಮೀನು’ ಅಂತ ಮಾತ್ರ ಇದೆ. ರಿಜಿಸ್ಟರ್ ಮಾಡ್ತಿದ್ರಾ?”

“ಹೇಗೆ ಸಾಧ್ಯ? ಚಕ್ಕುಬಂದಿ ಬೇಡವೇ? ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಯಾರದು, ದಕ್ಷಿಣಕ್ಕೆ ದಾರಿಯೋ ಹಳ್ಳವೋ, ಎಲ್ಲ ಬರಬೇಕು.”

“ನಂಗೂ ಅಷ್ಟೇ ಸರ್. ‘ಅಸಹಜ’ ಅಂದ್ರೆ ನಾನು ನೋಂದಾಯಿಸೋಕೆ ಬರಲ್ಲ. ಈ ಸದ್ದಿಗೆ ಚಕ್ಕುಬಂದಿ ಹೇಳಿ. ಎಲ್ಲಿ ಶುರುವಾಗುತ್ತೆ, ನಡುವೆ ಏನಿದೆ, ಎಲ್ಲಿಗೆ ಮುಗಿಯುತ್ತೆ.”

ಆ ಕಡೆ ಕುರ್ಚಿ ಸರಿಸಿದ್ದು ಕೇಳಿಸಿತು. ಬಾಗಿಲು ಮುಚ್ಚಿದ್ದೂ ಕೇಳಿಸಿತು. ಆಮೇಲೆ ವೆಂಕಟಸುಬ್ಬಯ್ಯನವರು ಗಂಟಲು ಸರಿಮಾಡಿಕೊಂಡು, ಪತ್ರ ಓದಿ ಹೇಳುವ ದನಿಯಲ್ಲಿ, ಒಂದೊಂದಾಗಿ ಹೇಳಿದರು.

“ಆರಂಭದಲ್ಲಿ, ಗುಂಯ್ಯ್ಯ್. ಇದು ಸುಮಾರು ನಾಲ್ಕು ಸೆಕೆಂಡು. ತದನಂತರ ಗುಂಯ್ ಎಂಬುದು ಇಳಿದು, ಊಂಂಂ. ಕೊನೆಯಲ್ಲಿ, ಟಪ್. ಅಲ್ಲಿಗೆ ನಿಂತಿತು.”

“ಗುಂಯ್ ಸರ್?”

“ಗುಂಯ್.”

“ಆಮೇಲೆ ಊಂಂ, ಆಮೇಲೆ ಟಪ್. ನಡುವೆ ಕಟಕಟ...” ಎನ್ನುತ್ತಾ ಸುಮಿತ್ರಕ್ಕ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಅದನ್ನು ಗ್ರಾಹಕರು ಅಂದಿರಲಿಲ್ಲ. ಚಂದ್ರಮೋಹನ ಒಂದು ಗೀಟು ಎಳೆದ. ಒಂದೇ, ಐದರೊಳಗೆ, ಅಂಕಕ್ಕೆ ಏಟಿಲ್ಲ.

ಟಪ್ ಎಂದರೆ ಓವರ್‌ಲೋಡ್ ಸ್ವಿಚ್ ಬಿದ್ದಿದೆ. ಅದಕ್ಕೆ ಮುಂಚೆ ಗುಂಯ್ ಎಂದರೆ ಬ್ಲೇಡಿಗೆ ಏನೋ ಸಿಕ್ಕಿಕೊಂಡಿದೆ, ಮೋಟಾರು ಒದ್ದಾಡುತ್ತಿದೆ. ಯಾವ ಸಾಮಾನೂ ಬೇಡ, ಮೆಕ್ಯಾನಿಕ್ಕೂ ಬೇಡ. ಪ್ಲಗ್ ಕಿತ್ತು, ಬ್ಲೇಡನ್ನು ಚಮಚದ ಹಿಡಿಯಿಂದ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ, ಮಿಕ್ಸಿಯನ್ನು ಮಗುಚಿ ತಳದ ಕೆಂಪು ಗುಂಡಿ ಒತ್ತಲು ಸುಮಿತ್ರಕ್ಕ ಹೇಳಿದರು. ಸಬ್ ರಿಜಿಸ್ಟ್ರಾರರು ಪ್ರತಿಯೊಂದನ್ನೂ ಮಾಡಿ, ಮಾಡಲಾಗಿದೆ ಎಂದು ವರದಿ ಕೊಟ್ಟರು. ಬ್ಲೇಡಿನ ಕೆಳಗೆ ಅರಿಶಿನದ ಕೊಂಬಿನ ಚೂರು ಸಿಕ್ಕಿತು. ಹೆಂಡತಿ ಇಲ್ಲದಾಗ ಸಾರಿನ ಪುಡಿ ಮಾಡಲು ಹೋಗಿದ್ದನ್ನು ಅವರು ಆಗ ಒಪ್ಪಿಕೊಂಡರು. ಪ್ಲಗ್ ಹಾಕಿ ತಿರುಗಿಸಿದಾಗ ಮಾಲೂರಿನ ಮಿಕ್ಸಿ ಗುಡಗಾಂವ್‌ವರೆಗೆ ಕೇಳಿಸಿತು.

“ಈಗ ಸಹಜವಾಗಿದೆ,” ಎಂದರು. ಆಮೇಲೆ ಯಾರೂ ಕೇಳದಿದ್ದರೂ ತಾವೇ ಸೇರಿಸಿದರು. “ಗಿರ್ರ್ ಅಂತಿದೆ, ತಾಯಿ. ಗಿರ್ರ್, ಗಿರ್ರ್.”

“ಗಿರ್ರ್ ಅಂತಿದ್ರೆ ಸರಿಯಾಯ್ತು ಸರ್.”

ಕರೆ ಮುಗಿದ ಮೇಲೆ ಚಂದ್ರಮೋಹನ ಕೂಡಿ ಕಳೆದ. ಫಿಲ್ಲರ್ ಒಂದು, ಕಟ್ ಇಲ್ಲ. ತಿರುಗಿ ಹೇಳಿದ್ದಕ್ಕೆ ಹತ್ತಕ್ಕೆ ಹತ್ತು. ಮೌನಕ್ಕೆ ನಾಲ್ಕು ಕಟ್. ನಿಗದಿಯಾದ ಸಮಯ ಮೀರಿದ್ದಕ್ಕೆ ಹತ್ತು ಕಟ್. ವಿಷಯಾಂತರಕ್ಕೆ ಐದು ಕಟ್. ಒಟ್ಟು ಎಂಬತ್ತೊಂದು.

ಸುಮಿತ್ರಕ್ಕ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಚಂದ್ರಮೋಹನನನ್ನು ಕೇಳಿದರು, ವಿಷಯಾಂತರ ಎಲ್ಲಿ ಮಾಡಿದೆ ಎಂದು.

“ಮಿಕ್ಸಿ ಬಿಟ್ಟು ಜಮೀನಿಗೆ ಹೋದ್ರಲ್ಲ, ಮ್ಯಾಮ್. ಅದೇನದು, ಚಕ್ಕು... ಅದು ಏನು?”

“ಚಕ್ಕುಬಂದಿ. ಜಮೀನು ಎಲ್ಲಿಂದ ಎಲ್ಲಿವರೆಗೆ ಅಂತ. ನಾಲ್ಕು ದಿಕ್ಕಲ್ಲಿ ಏನೇನಿದೆ ಅಂತ ಬರೀತಾರೆ. ಇಲ್ಲಾಂದ್ರೆ ಯಾವ ಜಮೀನು ಅಂತಾನೇ ಗೊತ್ತಾಗಲ್ಲ. ನಮ್ಮಪ್ಪ ತಾಲ್ಲೂಕು ಕಚೇರಿ ಎದುರು ಕೂತು ಪತ್ರ ಬರೀತಿದ್ರು.”

“ಮಿಕ್ಸಿಗೂ ಇರುತ್ತಾ?”

“ಮಿಕ್ಸಿಗಲ್ಲ. ಸದ್ದಿಗೆ. ಅದನ್ನ ಕೇಳದೆ ಅವರು ಬಾಯಿ ಬಿಡ್ತಿರಲಿಲ್ಲ, ನೀವೇ ಕೇಳಿದ್ರಲ್ಲ. ನಾನು ಮೊದಲು ಅನ್ನೋ ಹಾಗಿಲ್ಲ. ಅವರು ಅನ್ನಲ್ಲ. ಮತ್ತೆ ನಾನು ಹೇಗೆ ಕೇಳಬೇಕು, ಹೇಳಿ.”

ಚಂದ್ರಮೋಹನ ರೆಕಾರ್ಡಿಂಗನ್ನು ಹಿಂದಕ್ಕೆ ಹಾಕಿ ಆ ಭಾಗವನ್ನು ಎರಡು ಸಲ ಕೇಳಿದ. ಎರಡನೆಯ ಸಲ ಕೇಳುವಾಗ ಗುಂಯ್ ಎಂದು ತಾನೂ ಸಣ್ಣಗೆ ಅಂದುಕೊಂಡ. ಅಂದಿದ್ದು ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಐದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಎಂಬತ್ತಾರು ಎಂದು ಬರೆದ. “ದೋಷ ಕೇಳೋಕೇ ಕೇಳಿದ್ದು. ರಿಲೇಟೆಡ್ ಇದೆ,” ಅಂದು ಕುರ್ಚಿ ಎಳೆದುಕೊಂಡು ಹೋದ.

ಸುಮಿತ್ರಕ್ಕ ಕೂಡಲೇ ಮನೆಗೆ ಫೋನ್ ಮಾಡಿದರು. ಮಾಡಿದ್ದು ಯಜಮಾನರಿಗಲ್ಲ, ಅಡುಗೆಯ ಹೆಂಗಸಿಗೆ. ಮುಂದಿನ ತಿಂಗಳೂ ಬರಬೇಕು, ಅದರ ಮುಂದಿನ ತಿಂಗಳೂ ಬರಬೇಕು ಎಂದು ತಮಗೆ ಬರುವಷ್ಟು ಹಿಂದಿಯಲ್ಲಿ ಹೇಳಿದರು.

ಈ ಗಡಿಬಿಡಿಯಲ್ಲಿ ಕನ್ನಡದ ಸಾಲಿನ ಉಳಿದವರ ಕರೆಗಳನ್ನೂ ಕೇಳಬೇಕೆಂದು ಮೇಲಿನವರಿಗೆ ಅನ್ನಿಸಿತು. ನನ್ನದನ್ನು ಕೇಳಿದರು. ಫಿಲ್ಲರ್ ನಲವತ್ತೊಂದು. ಹಾಸ್ಯಕ್ಕೆ ಬೇರೆ ಕಟ್. ಖಾಯಂ ನೌಕರನಾದ್ದರಿಂದ ಕೆಲಸ ಹೋಗಲಿಲ್ಲ, ಒಂದು ವಾರದ ಮರುತರಬೇತಿ ಬಿತ್ತು. ಕಲಿಸಲು ಸುಮಿತ್ರಕ್ಕನನ್ನೇ ಹಾಕಿದರು.

ತರಬೇತಿ ಕೋಣೆಯಲ್ಲಿ ಅವರು ಎದುರು ಕೂತು, ಅಂಕದ ಹಾಳೆ ತೊಡೆಯ ಮೇಲಿಟ್ಟುಕೊಂಡು, ತಾವೇ ಗ್ರಾಹಕರಾದರು. ಮಿಕ್ಸಿಯಿಂದ ಒಂಥರಾ ಸದ್ದು ಬರ್ತಿದೆ ಎಂದರು. ಯಾವ ಥರ ಎಂದು ಕೇಳಿದೆ. ಒಂಥರಾ ಎಂದು ಹೇಳಿ ಸುಮ್ಮನೆ ನನ್ನ ಮುಖ ನೋಡುತ್ತಾ ಕೂತರು. ನಾನು ಹದಿನೆಂಟು ಸೆಕೆಂಡಿನವರೆಗೆ ತಡೆದೆ. ಹತ್ತೊಂಬತ್ತಕ್ಕೆ ಬಾಯಿಂದ ಲಟಲಟ ಬಂದೇ ಬಿಟ್ಟಿತು. ಅವರು ಒಂದು ಗೀಟು ಎಳೆದು, ಮತ್ತೆ ಮೊದಲಿಂದ, ಅಂದರು.